ಹೂಮಳೆಗೆ ಮುಂಚೆ, ಹೂಮಳೆ ಆದ ಮೇಲೆ: ಮಲೆನಾಡಿನ ಹಿತ್ತಲಿನ ಕೆಲಸಗಳು

ಶಿವರಾತ್ರಿ ಕಳೆಯಿತು ಅಂದರೆ ಚಿಕ್ಕಮಗಳೂರಿನ ಬೆಳಗಿನ ಚಳಿ ಸಡಿಲವಾಗುತ್ತದೆ. ಹಾಲುವಾಣದ ಮರ ಎಲೆ ಉದುರಿಸಿ ಕೆಂಪು ಹೂ ಬಿಟ್ಟು ನಿಂತಿರುತ್ತದೆ. ಸಿಲ್ವರ್ ಓಕ್ ಎಲೆ ಅಂಗಳದ ತುಂಬ ಬೀಳುತ್ತಿರುತ್ತದೆ. ಬೆಳಿಗ್ಗೆ ಗುಡಿಸಿದರೆ ಮಧ್ಯಾಹ್ನಕ್ಕೆ ಮತ್ತೆ ಅಷ್ಟೇ. ಹಿತ್ತಲಿಗೆ ಹೋದರೆ ಎಲ್ಲಿಂದ ಕೆಲಸ ಶುರು ಮಾಡಬೇಕು ಅಂತಲೇ ತಿಳಿಯುವುದಿಲ್ಲ.

ವಸಂತ ಬಂತು, ಗಿಡ ನೆಡೋಣ ಅಂತ ಎಲ್ಲರಿಗೂ ಅನಿಸುತ್ತದೆ. ಆದರೆ ನಮ್ಮ ಕಡೆ ಈ ಕಾಲ ಎರಡು ತುಂಡು. ಶಿವರಾತ್ರಿಯಿಂದ ಮೊದಲ ಒಳ್ಳೆ ಮಳೆವರೆಗೆ, ಅಂದರೆ ಕಾಫಿಗೆ ಹೂ ಬಿಡಿಸುವ ಹೂಮಳೆವರೆಗೆ, ಒಂದು. ಅಲ್ಲಿಂದ ಜೂನ್ ಮೊದಲ ವಾರದ ಮೃಗಶಿರ ಮಳೆವರೆಗೆ ಇನ್ನೊಂದು. ಮೊದಲನೇ ತುಂಡಿನಲ್ಲಿ ಇರುವ ಗಿಡವನ್ನು ಉಳಿಸಿಕೊಳ್ಳಬೇಕು. ಎರಡನೆಯದರಲ್ಲಿ ಹೊಸದನ್ನು ನೆಡಬೇಕು. ಇವೆರಡೂ ಅದಲುಬದಲಾದರೆ ಗಿಡ ಸಾಯುತ್ತದೆ.

ಇದನ್ನು ನಾನು ಸೋತು ಕಲಿತೆ. ಕೆಲವು ವರ್ಷದ ಹಿಂದೆ ಯುಗಾದಿ ಮುಗಿದ ವಾರದಲ್ಲಿ ಒಂದು ಸಂಜೆ ಗುಡುಗಿ ಅರ್ಧ ಗಂಟೆ ಮಳೆ ಹೊಯ್ಯಿತು. ಮಣ್ಣಿನ ವಾಸನೆಗೆ ಮನಸ್ಸು ತಡೆಯಲಿಲ್ಲ. ಮಾರನೇ ದಿನವೇ ಟೊಮೆಟೊ, ಬದನೆ ಸಸಿ ಇಪ್ಪತ್ತು ತಂದು ನೆಟ್ಟೆ. ಆಮೇಲೆ ಮೂರು ವಾರ ಒಂದು ಹನಿ ಇಲ್ಲ. ನಲ್ಲಿ ನೀರು ಎರಡು ದಿನಕ್ಕೊಮ್ಮೆ ಬರುತ್ತಿತ್ತು, ಅದು ಅಡುಗೆಗೇ ಸಾಲುತ್ತಿರಲಿಲ್ಲ. ಇಪ್ಪತ್ತರಲ್ಲಿ ಉಳಿದದ್ದು ನಾಲ್ಕು. ಸತ್ತ ಸಸಿ ಕಿತ್ತು ನೋಡಿದರೆ ಬೇರು ಎರಡು ಇಂಚು ಕೆಳಗೆ ಇಳಿದೇ ಇರಲಿಲ್ಲ. ಮೇಲಿನ ಮಣ್ಣು ಮಾತ್ರ ನೆನೆದಿತ್ತು, ಕೆಳಗೆ ಪುಡಿ ಧೂಳು.

ಆಗಿನಿಂದ ನಾನು ಕ್ಯಾಲೆಂಡರ್ ನೋಡುವುದಿಲ್ಲ, ಗೇಣು ನೋಡುತ್ತೇನೆ. ಮಳೆ ಬಂದ ಮಾರನೇ ದಿನ ಹಾರೆಯಲ್ಲಿ ಒಂದು ಗೇಣು ಆಳ ಅಗೆಯಿರಿ. ತಳದ ಮಣ್ಣು ಒಂದು ಹಿಡಿ ತೆಗೆದು ಅಂಗೈಯಲ್ಲಿ ಅದುಮಿ. ಉಂಡೆ ಕಟ್ಟದೆ ಉದುರಿದರೆ ನೆಡುವ ಹೊತ್ತು ಇನ್ನೂ ಬಂದಿಲ್ಲ. ಉಂಡೆ ಕಟ್ಟಿ, ಹೆಬ್ಬೆರಳಲ್ಲಿ ಒತ್ತಿದಾಗ ಬಿರಿದರೆ ಹದ ಸರಿ ಇದೆ. ಕೈಗೆ ಅಂಟಿಕೊಂಡರೆ ಎರಡು ದಿನ ಸುಮ್ನೆ ಬಿಡಿ, ಒದ್ದೆ ಮಣ್ಣನ್ನು ಅಗೆದರೆ ಹೆಂಟೆಯಾಗಿ ಗಟ್ಟಿಯಾಗುತ್ತದೆ. ಮೂಡಿಗೆರೆ, ಸಕಲೇಶಪುರದ ಕಡೆ ಈ ಹದ ಬೇಗ ಬರುತ್ತದೆ. ಅರಸೀಕೆರೆ, ಕಡೂರಿನ ಬಯಲಿನಲ್ಲಿ ಮೇ ತಿಂಗಳವರೆಗೂ ಕಾಯಬೇಕಾಗಬಹುದು. ಅದಕ್ಕೇ ಪಕ್ಕದ ತಾಲ್ಲೂಕಿನವರು ನೆಟ್ಟರು ಅಂತ ನಾವು ನೆಡುವುದಲ್ಲ.

ಮಳೆಗೆ ಮುಂಚೆ

ಮೊದಲು ದರಗು, ಅಂದರೆ ಉದುರಿದ ಒಣ ಎಲೆ. ದಯವಿಟ್ಟು ಅದನ್ನು ಸುಡಬೇಡಿ. ಫೆಬ್ರವರಿ, ಮಾರ್ಚ್ ಸಂಜೆ ನಮ್ಮ ಬೀದಿಯಲ್ಲಿ ನಾಲ್ಕು ಮನೆ ಮುಂದೆ ಹೊಗೆ ಏಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅಷ್ಟೂ ಗೊಬ್ಬರ ಗಾಳಿಗೆ ಹೋಯಿತಲ್ಲ ಅಂತ. ಅದೇ ಮನೆಯವರು ಮೇ ತಿಂಗಳಲ್ಲಿ ನರ್ಸರಿಯಿಂದ ಚೀಲದ ಗೊಬ್ಬರ ಹೊತ್ತು ತರುತ್ತಾರೆ. ಬೇಸಿಗೆಯಲ್ಲಿ ಆ ಬೆಂಕಿ ಬೇಲಿಗೆ ಹತ್ತಿದರೆ ಇನ್ನೊಂದು ಅನಾಹುತ.

ದರಗಿನಿಂದ ಎರಡು ಕೆಲಸ ಆಗುತ್ತದೆ. ಒಂದು, ಗಿಡದ ಬುಡಕ್ಕೆ ಮುಚ್ಚಿಗೆ. ಮೊದಲು ಬುಡಕ್ಕೆ ಚೆನ್ನಾಗಿ ನೀರು ಕೊಡಿ. ಆಮೇಲೆ ಮೂರು ನಾಲ್ಕು ಇಂಚು ದಪ್ಪ ದರಗು ಹರಡಿ. ಒಣ ಮಣ್ಣಿನ ಮೇಲೆ ಹರಡಿದರೆ ಉಪಯೋಗ ಕಡಿಮೆ, ಆಮೇಲೆ ಹಾಕಿದ ನೀರನ್ನೆಲ್ಲ ದರಗೇ ಕುಡಿದುಬಿಡುತ್ತದೆ. ಕಾಂಡಕ್ಕೆ ತಾಗಿಸಬೇಡಿ. ಸುತ್ತ ಒಂದು ಅಂಗೈ ಅಗಲ ಜಾಗ ಬಿಡಿ. ಇಲ್ಲದಿದ್ದರೆ ಗೆದ್ದಲು ಕಾಂಡಕ್ಕೇ ಹತ್ತುತ್ತದೆ, ಮಳೆ ಶುರುವಾದ ಮೇಲೆ ಕೊಳೆಯುತ್ತದೆ. ಮುಚ್ಚಿಗೆ ಹಾಕಿದ ಮೇಲೆ ನಮ್ಮ ನಿಂಬೆ, ದಾಸವಾಳಕ್ಕೆ ದಿನ ಬಿಟ್ಟು ದಿನ ಕೊಡುತ್ತಿದ್ದ ನೀರನ್ನು ನಾಲ್ಕು ದಿನಕ್ಕೊಮ್ಮೆ ಮಾಡಿದ್ದೇನೆ. ಗಿಡಕ್ಕೆ ಏನೂ ಆಗಿಲ್ಲ.

ಇನ್ನೊಂದು, ಉಳಿದ ದರಗಿನ ಗೊಬ್ಬರ. ಹಿತ್ತಲ ಮೂಲೆಯಲ್ಲಿ, ನೆರಳಿರುವ ಕಡೆ, ಮೂರಡಿ ಉದ್ದ ಮೂರಡಿ ಅಗಲ ಜಾಗ ಮಾಡಿಕೊಳ್ಳಿ. ಅರ್ಧ ಅಡಿ ದರಗು, ಅದರ ಮೇಲೆ ತರಕಾರಿ ಸಿಪ್ಪೆ ಇಲ್ಲವೇ ಹಸಿ ಸೊಪ್ಪು, ಅದರ ಮೇಲೆ ಸಗಣಿ ಕದಡಿದ ನೀರು, ಕೊನೆಗೆ ಒಂದು ಹಿಡಿ ಮಣ್ಣು ಉದುರಿಸಿ. ಹೀಗೆ ಪದರದ ಮೇಲೆ ಪದರ. ಸಿಲ್ವರ್ ಓಕ್ ಎಲೆ ತೊಗಲಿನ ಹಾಗೆ ಗಟ್ಟಿ, ಬೇಗ ಕೊಳೆಯುವುದಿಲ್ಲ. ಅದೊಂದನ್ನೇ ಹಾಕದೆ ಹಾಲುವಾಣ, ಹಲಸು, ಬಾಳೆ ಎಲೆ ಜೊತೆ ಬೆರೆಸಿ. ಹದಿನೈದು ದಿನಕ್ಕೊಮ್ಮೆ ಮಗುಚಿ ನೀರು ಚಿಮುಕಿಸಿ. ಕೋಲಿನಿಂದ ಕೆದಕಿ ಆಮೇಲೆ ಕೈ ಹಾಕಿದರೆ ಒಳಗೆ ಬಿಸಿ ತಾಗಬೇಕು. ತಾಗದಿದ್ದರೆ ಹಸಿ ಸೊಪ್ಪು ಕಡಿಮೆಯಾಗಿದೆ, ಇಲ್ಲವೇ ಒಣಗಿದೆ ಅಂತ ಅರ್ಥ. ಮೂರು ನಾಲ್ಕು ತಿಂಗಳಿಗೆ ಕಪ್ಪು ಪುಡಿಯಾಗುತ್ತದೆ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ದರಗು ಸಾಲದು ಅಂತ ಕಾಡಿನ ಅಂಚಿಗೆ ಹೋಗಿ ತರಬೇಡಿ. ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆಯವರಿಗಂತೂ ಇದು ಬಹಳ ಮುಖ್ಯ. ಮಂಗನ ಕಾಯಿಲೆ ಹರಡುವ ಉಣುಗು ಕಾಡಿನ ದರಗಿನಲ್ಲೇ ಇರುತ್ತದೆ, ಮತ್ತು ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಹಿತ್ತಲು ಕಾಡಿಗೆ ತಾಗಿದ್ದರೆ ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು ಹಾಕಿಕೊಳ್ಳಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಕೈಕಾಲಿಗೆ ಹಚ್ಚಿಕೊಳ್ಳಿ. ಬಂದ ಮೇಲೆ ಬಿಸಿನೀರಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಎಲ್ಲಾದರೂ ಮಂಗ ಸತ್ತಿದ್ದು ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಗೆ ತಿಳಿಸಿ. ನಮ್ಮದೇ ಅಂಗಳದ ದರಗಿನ ರಾಶಿಗೂ ನೇರವಾಗಿ ಕೈ ಹಾಕಬೇಡಿ. ಮೊದಲು ಕೋಲಿನಿಂದ ಕೆದಕಿ. ಬೇಸಿಗೆಯಲ್ಲಿ ಹಾವು ತಂಪು ಹುಡುಕಿಕೊಂಡು ಬರುತ್ತದೆ.

ನೀರಿನ ವಿಷಯಕ್ಕೆ ಬಂದರೆ, ದಿನಾ ಒಂದೊಂದು ಚೊಂಬು ಚಿಮುಕಿಸುವುದಕ್ಕಿಂತ ಮೂರು ದಿನಕ್ಕೊಮ್ಮೆ ಒಂದು ಬಿಂದಿಗೆ ನಿಧಾನವಾಗಿ ಹೊಯ್ಯುವುದು ಮೇಲು. ಬೇರು ನೀರಿರುವ ಕಡೆಗೆ ಇಳಿಯುತ್ತದೆ. ಮೇಲ್ಮೇಲೆ ನೀರು ಕೊಟ್ಟರೆ ಮೇಲೆಯೇ ಉಳಿಯುತ್ತದೆ. ಬಿಸಿಲೇರುವ ಮುಂಚೆ ಇಲ್ಲವೇ ಸಂಜೆ ಕೊಡಿ. ಅಕ್ಕಿ, ತರಕಾರಿ ತೊಳೆದ ನೀರು ಗಿಡಕ್ಕೆ ಹಾಕಬಹುದು, ಸೋಪಿನ ನೀರು ಬೇಡ. ಊರಿಗೆ ಹೋಗುವುದಿದ್ದರೆ ಹಳೇ ಮಡಕೆಯೊಂದನ್ನು ಗಿಡದ ಪಕ್ಕ ಕುತ್ತಿಗೆವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿ ಹೋಗಿ. ಮಡಕೆ ಬೆವರಿದ ಹಾಗೆ ನೀರು ಬೇರಿಗೆ ಇಳಿಯುತ್ತದೆ. ಪೇಂಟ್ ಮಾಡಿದ ಮಡಕೆಯಲ್ಲಿ ಇದು ಆಗುವುದಿಲ್ಲ.

ಗುಲಾಬಿ ಎಲೆ ಮಂಕಾಗಿ, ಅಡಿಯಲ್ಲಿ ಸಣ್ಣ ಬಲೆ ಕಾಣಿಸಿದರೆ ಅದು ಜೇಡನುಸಿ. ಒಣ ಹವೆಯಲ್ಲಿ ಜಾಸ್ತಿ. ಎರಡು ಮೂರು ಬೆಳಿಗ್ಗೆ ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಹೊಡೆದರೆ ಬಹುಪಾಲು ತೊಳೆದುಹೋಗುತ್ತದೆ. ಆಂಥೂರಿಯಂ ಕುಂಡಗಳನ್ನು ಪಶ್ಚಿಮದ ಬಿಸಿಲಿನಿಂದ ಸರಿಸಿ. ಬಾಳೆಯಲ್ಲಿ ಗಿಡಕ್ಕೊಂದು ಕಂದು ಬಿಟ್ಟು ಉಳಿದದ್ದನ್ನು ತೆಗೆಯಿರಿ, ಗೊನೆ ಬಿಟ್ಟದ್ದಕ್ಕೆ ಊರುಗೋಲು ಕೊಡಿ. ಏಪ್ರಿಲ್ ಮಳೆ ಗಾಳಿ ಜೊತೆಗೇ ಬರುತ್ತದೆ.

ಸುಣ್ಣದ ಬಗ್ಗೆ ಬಹಳ ಜನ ಕೇಳುತ್ತಾರೆ. ಮಳೆ ಜಾಸ್ತಿ ಬೀಳುವ ಮಲೆನಾಡಿನ ಮಣ್ಣು ಹುಳಿ. ಸುಣ್ಣದ ಅಂಶ ಪ್ರತಿ ವರ್ಷ ತೊಳೆದುಹೋಗುತ್ತದೆ. ಅದಕ್ಕೇ ಗೊಬ್ಬರ ಹಾಕಿದರೂ ಗಿಡ ಏಳುವುದಿಲ್ಲ. ಆದರೆ ಅಂದಾಜಿನಲ್ಲಿ ಸುರಿಯಬೇಡಿ. ಐದಾರು ಕಡೆಯಿಂದ ಗೇಣು ಆಳದ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆಜಿ ಪರೀಕ್ಷೆಗೆ ಕೊಡಿ. ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರ, ಹಾಸನದವರಿಗೆ ಕಂದಲಿಯ ಕೇಂದ್ರ ಇವೆ, ಎಷ್ಟು ಹಾಕಬೇಕು ಅಂತ ಕೇಳಬಹುದು. ಅವರು ಹೇಳಿದಷ್ಟು ಕೃಷಿ ಸುಣ್ಣವನ್ನು ಮಣ್ಣಿನಲ್ಲಿ ಪಸೆ ಇರುವಾಗ ಹರಡಿ ಮೇಲ್ಮೇಲೆ ಕೆದಕಿ. ಸುಣ್ಣ ಮತ್ತು ಗೊಬ್ಬರ ಒಟ್ಟಿಗೆ ಹಾಕಬಾರದು, ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ನಡುವೆ ಎರಡು ಮೂರು ವಾರ ಬಿಡಿ.

ಹಿತ್ತಲಲ್ಲಿ ನಾಲ್ಕು ಕಾಫಿ ಗಿಡ ಇದ್ದರೆ

ನಮ್ಮ ಜಿಲ್ಲೆಯಲ್ಲಿ ತೋಟ ಇಲ್ಲದವರ ಮನೆಯಲ್ಲೂ ನಾಲ್ಕು ಕಾಫಿ ಗಿಡ, ಒಂದು ಮೆಣಸಿನ ಬಳ್ಳಿ ಇರುತ್ತದೆ. ಅವಕ್ಕೂ ಈಗ ಕೆಲಸ ಇದೆ.

ಹಣ್ಣು ಕೊಯ್ದು ಮುಗಿದಿದ್ದರೆ ಒಣಗಿದ ರೆಂಬೆ, ಒಳಗೆ ಅಡ್ಡಾದಿಡ್ಡಿ ಬೆಳೆದ ಚಿಗುರು ತೆಗೆಯಿರಿ. ಅರೇಬಿಕಾ ಆದರೆ ಮಾರ್ಚ್‌ನಲ್ಲೇ ಕಾಂಡ ಪರೀಕ್ಷಿಸಿ. ಬಿಳಿ ಕಾಂಡಕೊರಕ ದುಂಬಿ ಏಪ್ರಿಲ್, ಮೇನಲ್ಲಿ ಹೊರಬಂದು ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಕಾಂಡದ ಮೇಲೆ ಬೆರಳಾಡಿಸಿದರೆ ಬಳೆ ಹಾಗೆ ಉಬ್ಬು ಸಿಗುತ್ತದಾ, ಎಲೆ ಹಳದಿಯಾಗಿ ಜೋತಿದೆಯಾ ನೋಡಿ. ಅಂಥ ಗಿಡವನ್ನು ಬೇರುಸಮೇತ ಕಿತ್ತು ಸುಡಬೇಕು. ದರಗು ಸುಡಬೇಡಿ ಅಂದವಳೇ ಇದನ್ನು ಹೇಳುತ್ತಿದ್ದೇನೆ, ಕಿತ್ತು ಹಾಗೇ ಬಿಟ್ಟರೆ ಒಳಗಿನ ಹುಳು ಸಾಯುವುದಿಲ್ಲ. ಚೆನ್ನಾಗಿರುವ ಗಿಡದ ಕಾಂಡವನ್ನು ತೆಂಗಿನ ಸಿಪ್ಪೆಯಿಂದ ಉಜ್ಜಿ ಸಡಿಲ ತೊಗಟೆ ತೆಗೆಯಿರಿ. ಮೊಟ್ಟೆ ಇಡಲು ಬಿರುಕೇ ಇರಬಾರದು. ಕತ್ತಿಯಿಂದ ಕೆರೆಯಬೇಡಿ.

ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಅರೇಬಿಕಾ ಹೂ ಬಿಡುತ್ತದೆ. ಆ ಬೆಳಿಗ್ಗೆ ಊರಿಗೆ ಊರೇ ಮಲ್ಲಿಗೆ ಮುಡಿದ ಹಾಗೆ ಘಮ್ಮೆನ್ನುತ್ತದೆ. ಹೂವಿರುವ ದಿನಗಳಲ್ಲಿ ಆ ಗಿಡಕ್ಕಾಗಲಿ, ಪಕ್ಕದ ತರಕಾರಿಗಾಗಲಿ ಏನೂ ಸಿಂಪಡಿಸಬೇಡಿ. ಜೇನು ಬರಲಿ.

ಕರಿಮೆಣಸಿನ ಬುಡದಲ್ಲಿ ನೆಲದ ಮೇಲೆ ಹರಿದ ಹಂಬು ಇರುತ್ತದಲ್ಲ, ಅದನ್ನು ಮಣ್ಣಿಗೆ ಬೇರು ಬಿಡಲು ಬಿಡದೆ ಸುರುಳಿ ಸುತ್ತಿ ಕೋಲಿಗೆ ಕಟ್ಟಿಟ್ಟಿದ್ದರೆ ಈಗ ಕತ್ತರಿಸಿ. ಎರಡು ಮೂರು ಗಣ್ಣಿನ ತುಂಡು ಮಾಡಿ, ಎಲೆ ತೆಗೆದು, ಒಂದು ಗಣ್ಣು ಮಣ್ಣಿನೊಳಗೆ ಇರುವಂತೆ ಮಣ್ಣು ತುಂಬಿದ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ನೆಡಿ. ನೆರಳು, ತೇವ ಎರಡೂ ಬೇಕು. ಜೂನ್ ಮಳೆಗೆ ಮರದ ಬುಡಕ್ಕೆ ಹಾಕಲು ಸಸಿ ಸಿದ್ಧ.

ಗೇಣು ನೆನೆದ ಮೇಲೆ

"ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅಂತ ನಮ್ಮಜ್ಜಿ ಹೇಳುತ್ತಿದ್ದರು. ಭರಣಿ ಅಂದರೆ ಏಪ್ರಿಲ್ ಕೊನೆಯಿಂದ ಮೇ ಹತ್ತರವರೆಗೆ. ಹಳಬರು ಸುಮ್ನೆ ಹೇಳಿದ್ದಲ್ಲ. ರೇವತಿ, ಅಶ್ವಿನಿ ಮಳೆ ಮೇಲ್ಮಣ್ಣು ನೆನೆಸುತ್ತದೆ. ಗೇಣು ಇಳಿಯುವುದು ಸಾಮಾನ್ಯವಾಗಿ ಭರಣಿಯಲ್ಲಿ. ಮೊದಲ ಮಳೆಯಾದ ಮಾರನೇ ದಿನ ಪಕ್ಕದ ಮನೆಯ ಹುಡುಗಿ ಬೇಲಿ ಹತ್ತಿರ ನಿಂತು, "ಅಕ್ಕಾ, ಇನ್ನೂ ಏನೂ ನೆಟ್ಟಿಲ್ವಾ?" ಅಂತ ಪ್ರತಿ ವರ್ಷ ಕೇಳುತ್ತಾಳೆ. "ಇರಮ್ಮ, ಇನ್ನೆರಡು ಮಳೆ ಬರಲಿ" ಅನ್ನುತ್ತೇನೆ. ಆ ನಡುವೆ ಮಡಿ ಮಾಡಿಕೊಳ್ಳುತ್ತೇನೆ.

ಮಡಿ ಮೂರಡಿಗಿಂತ ಅಗಲ ಬೇಡ. ಎರಡೂ ಕಡೆಯಿಂದ ಕೈ ಎಟುಕಬೇಕು, ಒಳಗೆ ಕಾಲಿಡಬಾರದು. ಉದ್ದ ಜಾಗ ಇದ್ದಷ್ಟು. ನೆಲದಿಂದ ಅರ್ಧ ಅಡಿಯಾದರೂ ಎತ್ತರ ಇರಲಿ. ಈಗ ಒಣಗಿದ ನೆಲ ನೋಡಿ ತಗ್ಗಿನಲ್ಲಿ ಪಾತಿ ಮಾಡಿದರೆ ಜುಲೈನಲ್ಲಿ ಅದೇ ಕೆರೆಯಾಗುತ್ತದೆ. ಹಳೇ ಕೊಟ್ಟಿಗೆ ಗೊಬ್ಬರ ಚದರಡಿಗೆ ಎರಡು ಬೊಗಸೆಯಷ್ಟು ಬೆರೆಸಿ. ಹಸಿ ಸಗಣಿ ಹಾಕಬೇಡಿ, ಬೇರಿಗೆ ಕಾವು ತಾಗುತ್ತದೆ, ಗೊಣ್ಣೆಹುಳುವೂ ಬರುತ್ತದೆ. ಒಂದು ಹಿಡಿ ಬೇವಿನ ಹಿಂಡಿ ಸೇರಿಸಿದರೆ ಒಳ್ಳೆಯದು.

ಏನು ಹಾಕಬೇಕು? ಬೆಂಡೆ ಬೀಜವನ್ನು ರಾತ್ರಿ ನೆನೆಸಿ ಬೆಳಿಗ್ಗೆ ಊರಿ, ಒಂದರಿಂದ ಒಂದಕ್ಕೆ ಒಂದಡಿ, ಸಾಲಿಗೆ ಒಂದೂವರೆ ಅಡಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ತಯಾರಿಸಿದ ಅರ್ಕಾ ಅನಾಮಿಕಾ ತಳಿ ನನಗೆ ಚೆನ್ನಾಗಿ ಬಂದಿದೆ. ಹರಿವೆ, ದಂಟು ಬೀಜ ಸಣ್ಣದು, ಮರಳಿನ ಜೊತೆ ಬೆರೆಸಿ ಉದುರಿಸಿ. ಅಲಸಂದೆಯನ್ನು ಬೇಲಿಗೆ ಹಬ್ಬಿಸಿ. ಬಸಳೆಗೆ ಬೀಜವೇ ಬೇಕಿಲ್ಲ, ಒಂದು ಗೇಣಿನ ಬಳ್ಳಿ ತುಂಡು ಸಾಕು. ಕೆಸುವಿನ ಗಡ್ಡೆಯನ್ನು ತೇವ ನಿಲ್ಲುವ ಕಡೆ ಹೂತುಬಿಡಿ, ಆಷಾಢದಲ್ಲಿ ಪತ್ರೊಡೆಗೆ ಎಲೆ ಸಿಗುತ್ತದೆ.

ಹೀರೆ, ಹಾಗಲ, ಪಡವಲ, ಸೌತೆಗೆ ಒಂದೂವರೆ ಅಡಿ ಗುಂಡಿ ತೆಗೆದು ಅರ್ಧ ಗೊಬ್ಬರ ಅರ್ಧ ಮಣ್ಣು ತುಂಬಿ. ಗುಂಡಿಗೆ ನಾಲ್ಕೈದು ಬೀಜ, ಮೊಳೆತ ಮೇಲೆ ಗಟ್ಟಿಯಾದ ಎರಡನ್ನು ಉಳಿಸಿ ಬೇರೆಯದನ್ನು ಚಿವುಟಿ. ಕಿತ್ತರೆ ಪಕ್ಕದ ಬೇರೂ ಅಲುಗುತ್ತದೆ. ಚಪ್ಪರ ಈಗಲೇ ಹಾಕಿ, ಬಳ್ಳಿ ಎದ್ದ ಮೇಲೆ ಮಳೆಯಲ್ಲಿ ಗಳ ಹುಡುಕುವ ಪಾಡು ಬೇಡ. ಹಣ್ಣುನೊಣ ಚುಚ್ಚಿದ ಕಾಯಿ ಹಳದಿಯಾಗಿ ಸೊಟ್ಟಗಾಗುತ್ತದೆ. ಅದನ್ನು ಕಿತ್ತು ತಿಪ್ಪೆಗೆ ಎಸೆಯಬೇಡಿ, ಒಳಗಿನ ಹುಳು ಅಲ್ಲೇ ಬೆಳೆದು ಮತ್ತೆ ನೊಣವಾಗಿ ಬರುತ್ತದೆ. ಆಳವಾಗಿ ಹೂಳಿ, ಇಲ್ಲವೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಡಿ. ಎಲೆಗೆ ಹೇನು ಕಂಡರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಕಲಸಿಕೊಳ್ಳಲು ಚೂರು ಸೋಪು ಹಾಕಿ ಸಂಜೆ ಹೊಡೆಯಿರಿ.

ಶುಂಠಿ ಮನೆಗೆ ಬೇಕಾದಷ್ಟು ಎರಡು ಚೀಲದಲ್ಲೇ ಬೆಳೆಯಬಹುದು. ಒಂದೆರಡು ಕಣ್ಣಿರುವ, 25 ಗ್ರಾಂನಷ್ಟು ತೂಗುವ ತುಂಡು ಆರಿಸಿ ಎರಡು ಇಂಚು ಆಳಕ್ಕೆ ಹೂತು ಮೇಲೆ ಹಸಿ ಸೊಪ್ಪು ಮುಚ್ಚಿ. ಹೋದ ವರ್ಷ ಶುಂಠಿ ಕೊಳೆತ ಜಾಗದಲ್ಲಿ, ಆ ಮಣ್ಣಿನಲ್ಲಿ ಮತ್ತೆ ಹಾಕಬೇಡಿ.

ಮೇ ಕೊನೆ: ಬೋರ್ಡೋ

ಮೆಣಸಿನ ಬಳ್ಳಿಗೆ ಕೊಳೆ ಬರದಂತೆ ಮುಂಗಾರಿಗೆ ಮುಂಚೆ ಶೇಕಡಾ 1ರ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಮನೆ ಮಟ್ಟಿಗೆ 10 ಲೀಟರ್ ಸಾಕು. 100 ಗ್ರಾಂ ಮೈಲುತುತ್ತವನ್ನು (ಕಾಪರ್ ಸಲ್ಫೇಟ್) ಒಂದು ಪ್ಲಾಸ್ಟಿಕ್ ಬಕೆಟ್‌ನಲ್ಲಿ 5 ಲೀಟರ್ ನೀರಿಗೆ ಕರಗಿಸಿ. ಇನ್ನೊಂದರಲ್ಲಿ 100 ಗ್ರಾಂ ಸುಟ್ಟ ಸುಣ್ಣವನ್ನು ಅರಳಿಸಿ 5 ಲೀಟರ್ ಮಾಡಿ, ಸೋಸಿ. ಸುಣ್ಣ ಅರಳುವಾಗ ಕುದಿಯುತ್ತದೆ, ಮುಖ ದೂರ ಇಡಿ, ಮಕ್ಕಳನ್ನು ದೂರ ಕಳಿಸಿ. ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನವಾಗಿ ಹೊಯ್ಯುತ್ತಾ ಕೋಲಿನಿಂದ ತಿರುಗಿಸಿ. ತಿಳಿ ಆಕಾಶದ ಬಣ್ಣ ಬರುತ್ತದೆ. ಈಗ ಹೊಳೆಯುವ ಚಾಕುವಿನ ಅಲಗನ್ನು ಒಂದೆರಡು ನಿಮಿಷ ಅದರಲ್ಲಿ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ಸುಣ್ಣ ಸಾಲದು ಅಂತ, ಇನ್ನಷ್ಟು ಸುಣ್ಣದ ತಿಳಿ ಸೇರಿಸಿ ಮತ್ತೆ ಅದ್ದಿ. ಕೆಂಪು ಕೂರದೆ ಇದ್ದರೆ ಸರಿ. ಈ ಪರೀಕ್ಷೆ ಬಿಟ್ಟರೆ ಎಲೆ ಸುಟ್ಟುಹೋಗುತ್ತದೆ. ಮಾಡಿದ ದಿನವೇ, ಮಳೆ ಇಲ್ಲದ ಹೊತ್ತಿನಲ್ಲಿ, ಎಲೆಯ ಎರಡೂ ಬದಿಗೆ ಬೀಳುವಂತೆ ಸಿಂಪಡಿಸಿ. ಕಬ್ಬಿಣದ ಪಾತ್ರೆ ಬೇಡ. ಇದೇ ವಾರ ಮಡಿಗಳ ಸುತ್ತ ಬಸಿಗಾಲುವೆಯನ್ನೂ ಕೆರೆದುಬಿಡಿ.

ಡೇರೆ ಗಡ್ಡೆ

ಇದನ್ನು ಕೊನೆಗೆ ಇಟ್ಟುಕೊಂಡೆ, ಯಾಕೆಂದರೆ ನನಗೆ ಅತಿ ಇಷ್ಟದ ಕೆಲಸ ಇದು. ಬೇರೆ ಕಡೆ ಡೇಲಿಯಾ ಅನ್ನುತ್ತಾರೆ, ನಮಗೆ ಡೇರೆ. ಮಳೆಗಾಲದ ಕತ್ತಲಲ್ಲಿ ಮಲೆನಾಡಿನ ಅಂಗಳಕ್ಕೆ ಬಣ್ಣ ಬರುವುದೇ ಇದರಿಂದ.

ಮೇ ಮೊದಲ ವಾರ, ಗೇಣು ನೆನೆದ ಮೇಲೆ, ಹಳೇ ಬುಡವನ್ನು ದೂರದಿಂದ ಅಗೆದು ಗೊಂಚಲಿಗೆ ಗೊಂಚಲೇ ಎತ್ತಿ. ಗಡ್ಡೆ ಹಿಡಿದು ಎಳೆಯಬೇಡಿ, ಕತ್ತು ಮುರಿಯುತ್ತದೆ. ಮಣ್ಣು ಉದುರಿಸಿ ಬೆಳಕಿಗೆ ಹಿಡಿದು ನೋಡಿ. ಗಡ್ಡೆಯ ಮೈ ಮೇಲೆ ಕಣ್ಣಿರುವುದಿಲ್ಲ. ಹಳೇ ಕಾಂಡದ ಬುಡಕ್ಕೆ ಗಡ್ಡೆ ಅಂಟಿರುವ ಕಡೆ, ಸಾಸಿವೆ ಕಾಳಿನಷ್ಟು, ನಸುಗೆಂಪು ಮೊಳಕೆ ಉಬ್ಬಿರುತ್ತದೆ. ಅದೇ ಕಣ್ಣು. ಕತ್ತರಿಸುವಾಗ ಪ್ರತಿ ಗಡ್ಡೆಗೂ ಒಂದು ಕಣ್ಣಿರುವ ಕಾಂಡದ ಚೂರು ಸೇರಿರಬೇಕು. ಎಷ್ಟೇ ದಪ್ಪ ಗಡ್ಡೆಯಾದರೂ ಕಣ್ಣಿಲ್ಲದಿದ್ದರೆ ಮಣ್ಣಿನಲ್ಲಿ ಸುಮ್ನೆ ಕೂತು ಕೊಳೆಯುತ್ತದೆ. ಕಿರುಬೆರಳಿನಷ್ಟು ಸಣ್ಣದಿದ್ದರೂ ಕಣ್ಣಿದ್ದರೆ ಗಿಡವಾಗುತ್ತದೆ. ಕತ್ತರಿಸಿದ ಜಾಗಕ್ಕೆ ಬೂದಿ ಒತ್ತಿ ಒಂದು ದಿನ ನೆರಳಲ್ಲಿ ಆರಲು ಬಿಡಿ.

ನೆಡುವಾಗ ಮೊದಲು ಊರುಗೋಲು ನೆಡಿ, ಆಮೇಲೆ ಅದರ ಪಕ್ಕ ಗಡ್ಡೆ. ಗಿಡ ಎದ್ದ ಮೇಲೆ ಕೋಲು ಚುಚ್ಚಿದರೆ ಗಡ್ಡೆಗೇ ತೂತಾಗುತ್ತದೆ. ನಾಲ್ಕು ಇಂಚು ಆಳ, ಕಣ್ಣು ಮೇಲ್ಮುಖ, ಗಡ್ಡೆ ಮಲಗಿಸಿ. ಮೊಳಕೆ ಕಾಣುವವರೆಗೆ ನೀರು ಜಾಸ್ತಿ ಬೇಡ, ಮಣ್ಣಿನ ಪಸೆಯೇ ಸಾಕು. ಮೂರು ನಾಲ್ಕು ಜೊತೆ ಎಲೆ ಬಂದ ಮೇಲೆ ನೆತ್ತಿ ಚಿವುಟಿದರೆ ಕವಲು ಒಡೆದು ಹೂ ಜಾಸ್ತಿ. ಈ ಹೊತ್ತಿಗೆ ಬಸವನಹುಳು ಎಳೆ ಚಿಗುರಿಗೆ ಬರುತ್ತದೆ, ರಾತ್ರಿ ಟಾರ್ಚ್ ಹಿಡಿದು ಆರಿಸಿ ಉಪ್ಪುನೀರಿಗೆ ಹಾಕಿ. ಉಪ್ಪನ್ನು ಮಣ್ಣಿಗೆ ಚೆಲ್ಲಬೇಡಿ.

ಒಂದು ಗೊಂಚಲು ಬಿಡಿಸಿದರೆ ಐದಾರು ಗಿಡಕ್ಕೆ ಆಗುತ್ತದೆ. ನಮ್ಮ ಹಿತ್ತಲಿನ ಮಾವಿನಹಣ್ಣಿನ ಬಣ್ಣದ ಡೇರೆ ಬೇಲೂರಿನ ಅತ್ತೆ ಮನೆಯಿಂದ ಬಂದದ್ದು, ಕೆನ್ನೇರಳೆಯದು ಎದುರು ಮನೆಯವರದು. ಈ ವರ್ಷ ಬೇಲಿಯಾಚೆಯ ಹುಡುಗಿಗೆ ಎರಡೂ ಬಣ್ಣದ ಒಂದೊಂದು ಗಡ್ಡೆ ತೆಗೆದಿಟ್ಟಿದ್ದೇನೆ, ಬಣ್ಣ ಅದಲುಬದಲಾಗದಿರಲಿ ಅಂತ ಗಡ್ಡೆಯ ಕತ್ತಿಗೆ ಅದೇ ಬಣ್ಣದ ದಾರ ಕಟ್ಟಿ.